ಗಡಿಯಾರದ ಎದುರು ಗುತ್ಯಮ್ಮ

ಸಾಗರದ ಬಸ್ ನಿಲ್ದಾಣದಲ್ಲಿ ಕೆರಿಯಪ್ಪನ ಗಂಟಲು ಕೇಳದವರಿರಲಿಲ್ಲ. ಖಾಸಗಿ ಬಸ್ಸುಗಳ ಏಜೆಂಟನಾಗಿದ್ದ ಅವನು "ಹೊಸನಗರ, ತೀರ್ಥಹಳ್ಳಿ, ಆಗುಂಬೆ" ಎಂದು ಕೂಗಿದರೆ ಹೋಟೆಲಿನೊಳಗೆ ಕೂತವರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬರುತ್ತಿದ್ದರು. ಒಂದು ಬಸ್ಸು ಹೋಗಿ ಇನ್ನೊಂದು ಬರುವುದರೊಳಗೆ ಬುಕಿಂಗ್ ಕೋಣೆಯ ಬೆಂಚಿನ ಮೇಲೆ ಒಂದು ಚೆಸ್ ಆಟ ಮುಗಿಸುವುದು ಅವನ ಚಟ. ಹೈಸ್ಕೂಲಿನ ಹಿಂದಿ ಮೇಷ್ಟ್ರು ಗೋಪಾಲಪ್ಪ ಇದಕ್ಕಾಗಿಯೇ ಬೆಂಗಳೂರಿನಿಂದ ಜೋಡಿ ಗಡಿಯಾರ ತರಿಸಿದ್ದರು. ಒಂದೇ ಪೆಟ್ಟಿಗೆಯಲ್ಲಿ ಎರಡು ಮುಖ. ತನ್ನ ಕಾಯಿ ನಡೆಸಿದವನು ಗುಂಡಿ ಒತ್ತಿದರೆ ಅವನ ಗಡಿಯಾರ ನಿಂತು ಎದುರಿನವನದು ಓಡುತ್ತದೆ. ಒಬ್ಬೊಬ್ಬರಿಗೆ ಐದೇ ನಿಮಿಷ. ಹೊತ್ತು ಮುಗಿಯುತ್ತ ಬಂದಾಗ ನಿಮಿಷದ ಮುಳ್ಳು ಎತ್ತಿ ಹಿಡಿಯುವ ಪುಟ್ಟ ಕೆಂಪು ಬಾವುಟ, ಹೊತ್ತು ಮುಗಿದದ್ದೇ ಬೀಳುತ್ತದೆ; ಯಾರದು ಮೊದಲು ಬಿತ್ತೋ ಅವರು ಸೋತಂತೆ. ಕೆರಿಯಪ್ಪನ ಬಾವುಟ ಬಿದ್ದದ್ದನ್ನು ಕಂಡವರಿಲ್ಲ.

ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. "ಬುದ್ಧಿ ಸರಿಯಾಗೇ ಇದೆ, ಎಲ್ಲಾ ತಿಳೀತದೆ. ಆದ್ರೆ ಬದುಕ್ಬೇಕು ಅನ್ನೋ ಮನಸ್ಸು ಅವರಿಗೇ ಬರ್ಬೇಕಮ್ಮ" ಎಂದು ಡಾಕ್ಟರು ಹೆಂಡತಿ ಗುತ್ಯಮ್ಮನಿಗೆ ಹೇಳಿ ಮನೆಗೆ ಕಳಿಸಿದರು.

ಆ ಮನಸ್ಸು ಬರಲಿಲ್ಲ. ನೋಡಲು ಬಂದವರಿಗೆಲ್ಲ ಬೆನ್ನು ತಿರುಗಿಸಿ ಗೋಡೆ ನೋಡುತ್ತ ಮಲಗುತ್ತಿದ್ದ. ಗಂಜಿಯ ಚಮಚ ತುಟಿಗೆ ಹಿಡಿದರೆ ಹಲ್ಲು ಕಚ್ಚುತ್ತಿದ್ದ. ಮೈ ಒರೆಸುವಾಗ ಕೈಗೆ ಮೂಳೆ ಸಿಗುತ್ತಿತ್ತು. ಒಂದು ದಿನ ಗುತ್ಯಮ್ಮನಿಗೆ ತಡೆಯಲಾಗಲಿಲ್ಲ.

"ಸಾಯ್ಬೇಕು ಅಂತ ಹಟ ಹಿಡ್ದಿದೀರಲ್ಲ, ನಾನು ಏನು ಮಾಡ್ಲಿ ಹೇಳಿ. ತಲೆನಾದ್ರೂ ಅಲ್ಲಾಡ್ಸಿ."

ಅವನು ಎಡಗೈಯಿಂದ ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದುಕೊಂಡ.

ಮರುದಿನ ಗೋಪಾಲಪ್ಪ ಮೇಷ್ಟ್ರು ಹಲಗೆ, ಗಡಿಯಾರ ಎರಡನ್ನೂ ಹಿಡಿದು ಬಂದರು. ಟಿಕ್ ಟಿಕ್ ಸದ್ದು ಕಿವಿಗೆ ಬಿದ್ದದ್ದೇ ಕೆರಿಯಪ್ಪ ಈ ಕಡೆ ಹೊರಳಿದ. ದಿಂಬಿಗೆ ಒರಗಿಸಿ ಕೂರಿಸಿದರು. ಎಡಗೈಯಲ್ಲಿ ಕುದುರೆ ಎತ್ತಲು ಹೋಗಿ ಪಕ್ಕದ ಆನೆ, ಒಂಟೆ ಎಲ್ಲ ಕೆಡವಿದ. ಮೇಷ್ಟ್ರು ಮೆಲ್ಲಗೆ ಗಡಿಯಾರ ನಿಲ್ಲಿಸಿ, "ಇದು ಬೇಡ ಬಿಡು ಕೆರಿಯಪ್ಪ, ನಿಧಾನಕ್ಕೆ ಆಡಾಣ" ಎಂದರು. ಅಷ್ಟೇ. ಕೆರಿಯಪ್ಪ ಕಣ್ಣು ಮುಚ್ಚಿಕೊಂಡ.

ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತ ಮೇಷ್ಟ್ರು, "ನನ್ನ ಕಂಡ್ರೆ ಅವನಿಗೆ ಸಂಕಟ ಜಾಸ್ತಿ ಗುತ್ಯಮ್ಮ. ನಾನಿನ್ನು ಬರಲ್ಲ" ಎಂದರು.

"ಹಾಗಾದ್ರೆ ನಂಗೆ ಕಲ್ಸಿ ಮೇಷ್ಟ್ರೇ. ಆ ಸದ್ದಿಗೆ ಅವ್ರು ತಿರುಗಿದ್ದು ನೀವೂ ನೋಡಿದ್ರಲ್ಲ. ಇಷ್ಟು ದಿನಕ್ಕೆ ಅದೊಂದೇ."

ಕಾಯಿಗಳ ಹೆಸರೂ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಮಧ್ಯಾಹ್ನ ಗಂಡನಿಗೆ ಜೋಂಪು ಹತ್ತಿದಾಗ ಮೇಷ್ಟ್ರ ಮನೆಗೆ ಓಡುತ್ತಿದ್ದಳು. "ಗಂಡ ಮಲಗಿದ ಜಾಗದಲ್ಲೇ ಇದಾನೆ, ಇವಳಿಗೆ ಆಟ" ಎಂದು ಕೇರಿಯವರು ಆಡಿಕೊಂಡದ್ದು ಕಿವಿಗೆ ಬಿತ್ತು. ಕೇಳದವಳಂತೆ ನಡೆದಳು.

ಮೊದಮೊದಲು ಮೇಷ್ಟ್ರು ಹೇಳಿದ್ದೆಲ್ಲ ತಲೆಯಲ್ಲಿ ಕಲಸಿಹೋಗುತ್ತಿತ್ತು. ಯೋಚಿಸುತ್ತ ಕೂತರೆ ಬಾವುಟ ಬೀಳುತ್ತಿತ್ತು, ಅವಸರ ಮಾಡಿದರೆ ಮಂತ್ರಿಯೇ ಹೋಗುತ್ತಿತ್ತು. ಅರ್ಧಂಬರ್ಧ ಕಲಿತು ಒಂದು ದಿನ ಗಂಡನ ಮುಂದೆ ಹಲಗೆ ಹಾಸಿದಳು. ಅವನು ನಾಲ್ಕು ನಡೆ ನಡೆಸಿ, ಅವಳು ಗೊತ್ತಾಗದೆ ಬಿಟ್ಟುಕೊಟ್ಟ ಆನೆಯನ್ನು ನೋಡಿ, ಅದನ್ನು ಹೊಡೆಯದೆಯೇ ಗೋಡೆಗೆ ತಿರುಗಿದ. ಅವಳು ಹಿತ್ತಲಿನ ಬಚ್ಚಲೊಲೆಯ ಮುಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮರುದಿನ ಮೇಷ್ಟ್ರ ಮನೆಗೆ ಹೋದಳು.

"ನನ್ನ ಕೈಲಿ ಆಗಲ್ಲ ಮೇಷ್ಟ್ರೇ. ಅವ್ರು ದಿನಾ ಸೊರಗ್ತಾ ಇದಾರೆ, ನಾನಿಲ್ಲಿ ಕುದುರೆ ಎಲ್ಲಿ ಹಾರ್ತದೆ ಅಂತ ಎಣಿಸ್ತಾ ಕೂತಿದೀನಿ."

ಮೇಷ್ಟ್ರು ಹಲಗೆಯ ಮೇಲಿನ ಕಾಯಿಗಳನ್ನೆಲ್ಲ ಬದಿಗೆ ಸರಿಸಿದರು. "ಎಲ್ಲಾ ಕಲಿಸೋಕೆ ಹೋಗಿದ್ದು ನನ್ನ ತಪ್ಪು. ಒಂದೇ ಒಂದು ಮಾಡಿ. ಎದುರಿನವ್ರು ಕಾಯಿ ಇಟ್ಟ ಕೂಡ್ಲೇ ಅದು ಯಾವುದನ್ನ ಹೊಡೆಯೋಕೆ ಬಂತು ಅಂತ ನೋಡಿ. ಅದು ಅಭ್ಯಾಸ ಆಗೋ ತನಕ ಬೇರೆ ಏನೂ ಬೇಡ. ಆಟ ಶುರು ಮಾಡೋದೂ ಯಾವಾಗ್ಲೂ ಒಂದೇ ಥರ."

ಅಂದಿನಿಂದ ಅದನ್ನೇ ಹಿಡಿದಳು. ಮೇಷ್ಟ್ರು ಕಾಯಿ ಇಡುವುದು, ಇವಳು ಹೊಡೆತ ಯಾವುದೆಂದು ತೋರಿಸುವುದು, ಮತ್ತೆ ಮತ್ತೆ. ಅನ್ನ ಬೇಯುವಾಗ ಅಡುಗೆಮನೆಯ ನೆಲದ ಮೇಲೆ ಹಲಗೆ ಇಟ್ಟುಕೊಂಡು ಶುರುವಿನ ನಡೆಗಳನ್ನು ಕೈಗೆ ರೂಢಿ ಮಾಡಿಕೊಂಡಳು. ಅನ್ನ ಹತ್ತಿದ ವಾಸನೆಗೇ ಎಚ್ಚರವಾಗುತ್ತಿದ್ದದ್ದೂ ಉಂಟು. ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಕೆರಿಯಪ್ಪನ ಕೆನ್ನೆ ಗುಳಿ ಬಿದ್ದಿತ್ತು. ಇನ್ನೂ ಕಾಯುವಂತಿರಲಿಲ್ಲ.

ಮತ್ತೆ ಹಲಗೆ ಹಾಸಿ, ಮೇಷ್ಟ್ರ ಮನೆಯಿಂದ ತಂದ ಗಡಿಯಾರವನ್ನು ಅವನ ಎಡಗಡೆಗೇ ಇಟ್ಟು, ಏನೂ ಹೇಳದೆ ತನ್ನ ಕಾಲಾಳು ನಡೆಸಿ ಗುಂಡಿ ಒತ್ತಿದಳು. ಅವನು ತಿರಸ್ಕಾರದಿಂದಲೇ ಒಂದು ಕಾಯಿ ತಳ್ಳಿದ. ಅವಳು ತಟ್ಟನೆ ಉತ್ತರ ಕೊಟ್ಟಳು. ಅವನು ಒಂಟೆ ಬಿಟ್ಟ. ಅದರ ಗುರಿ ತನ್ನ ಕುದುರೆ ಎಂದು ಕಂಡಿತು, ಸರಿಸಿದಳು. ಕೆರಿಯಪ್ಪ ತಲೆ ಎತ್ತಿ ಅವಳ ಮುಖ ನೋಡಿದ. ತಿಂಗಳುಗಳ ಮೇಲೆ ಅವನು ಅವಳನ್ನು ನೆಟ್ಟಗೆ ನೋಡಿದ್ದು ಆಗಲೇ.

ಆ ಆಟ ಅವನೇ ಗೆದ್ದ. ಮಾರನೆಯ ದಿನವೂ ಗೆದ್ದ. ಆಟಕ್ಕೆ ಮುಂಚೆ ಅವಳು ಗಂಜಿಯ ಬಟ್ಟಲು ಹಿಡಿದರೆ, ಬೇಗ ಮುಗಿಯಲಿ ಎಂಬಂತೆ ಬಾಯಿ ತೆರೆಯುತ್ತಿದ್ದ.

ಆದರೆ ಅವಳ ಕೈ ಚುರುಕಾಗುತ್ತ ಹೋಯಿತು. ಅವನ ಎಡಗೈ ಇನ್ನೂ ತಡವರಿಸುತ್ತಿತ್ತು. ಒಂದು ಸಂಜೆ ಹಲಗೆಯ ಮೇಲೆ ಗೆಲುವು ಪೂರ್ತಿ ಅವನ ಕಡೆಗಿತ್ತು, ಗಡಿಯಾರದಲ್ಲಿ ಮಾತ್ರ ಅವನ ಬಾವುಟ ಮುಳ್ಳಿನ ತುದಿಗೆ ನೇತಾಡುತ್ತಿತ್ತು. ಗುತ್ಯಮ್ಮ ತನ್ನ ರಾಜನನ್ನು ಸರಿಸಿದಳು. ಗುಂಡಿ ಒತ್ತಿದರೆ ಅವನು ಸೋಲುತ್ತಾನೆ. ಸೋತರೆ ಮತ್ತೆ ಆ ಗೋಡೆ. ಕೈಯನ್ನು ಮಡಿಲಿಗೆ ಎಳೆದುಕೊಂಡಳು. ತನ್ನ ಗಡಿಯಾರ ಓಡಿ ಮುಗಿಯಲೆಂದು ಸುಮ್ಮನೆ ಕೂತಳು.

ಕೆರಿಯಪ್ಪ ಗಡಿಯಾರ ನೋಡಿದ, ಅವಳನ್ನು ನೋಡಿದ. ಅವನ ಮುಖ ಕೆಂಪಾಯಿತು. ಎಡಗೈ ಚಾಚಿ ಅವಳ ಮುಂಗೈ ಹಿಡಿದ. ಆ ಹಿಡಿತದಲ್ಲಿ ಅಷ್ಟು ಬಲವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಎಳೆದು ತಂದು ಅವಳ ಅಂಗೈಯನ್ನು ಗುಂಡಿಯ ಮೇಲೆ ಒತ್ತಿದ.

ಅವನು ಮಂತ್ರಿಯ ಕಡೆ ಕೈ ಒಯ್ಯುವಷ್ಟರಲ್ಲಿ ಬಾವುಟ ಬಿತ್ತು.

ಅವನ ಗಂಟಲಿನಿಂದ ಗೊರಗೊರ ಸದ್ದು ಬಂತು. ಅಳುವೋ ನಗುವೋ ಅವಳಿಗೆ ತಿಳಿಯಲಿಲ್ಲ. "ಸಾಕು, ಮಲಗಿಸ್ತೀನಿ" ಎಂದು ದಿಂಬಿಗೆ ಕೈ ಹಾಕಿದಳು. ಅವನು ಅವಳ ಕೈ ತಳ್ಳಿ, ಕಾಯಿಗಳನ್ನು ಒಂದೊಂದಾಗಿ ಮನೆಗಳಲ್ಲಿ ಇಡತೊಡಗಿದ. ಎರಡು ಬಿದ್ದವು, ಮತ್ತೆ ನಿಲ್ಲಿಸಿದ. ಒಂದು ಕಾಲಾಳು ಉರುಳಿ ಮಂಚದ ಅಡಿಗೆ ಹೋಯಿತು. ಅವಳು ನೆಲಕ್ಕೆ ಬಾಗಿ ಕತ್ತಲಲ್ಲಿ ಕೈಯಾಡಿಸುತ್ತಿದ್ದಾಗ ಮೇಲಿನಿಂದ ಟಿಕ್ ಟಿಕ್ ಕೇಳಿಸಿತು. ಅವಳ ಗಡಿಯಾರವನ್ನು ಅವನು ಆಗಲೇ ಓಡಿಸಿಬಿಟ್ಟಿದ್ದ.