ಮೇಲೆ ಬಂದವರು ಇಪ್ಪತ್ತು

ಒಂದೇ ಒಂದು ಜೋಕು. ಫಿನೆಯಾಸ್ ಝೋಂಡಿ ಅದನ್ನು ಹನ್ನೆರಡು ವರ್ಷದಿಂದ, ದಿನಕ್ಕೆ ನಾಲ್ಕು ಸಲ, ತನ್ನ ತಮ್ಮ ಸತ್ತ ಜಾಗದಲ್ಲೇ ನಿಂತು ಹೇಳುತ್ತಿದ್ದ. ಸುರಂಗದ ಕೊನೆಯಲ್ಲಿ ಜನರನ್ನು ನಿಲ್ಲಿಸಿ ದೀಪ ಆರಿಸುವುದು. "ನಿಮ್ಮ ಕೈ ನಿಮಗೆ ಕಂಡರೆ ಹೇಳಿ, ಟಿಕೆಟ್ ದುಡ್ಡು ವಾಪಸ್!" ಜನ ಗೊಳ್ಳೆಂದು ನಗುವುದು. ಮತ್ತೆ ದೀಪ. ದುಃಖವಾಗುತ್ತಿರಲಿಲ್ಲವೇ ಅಂದರೆ, ಇಲ್ಲ ಮಾರಾಯರೇ, ಏನೂ ಆಗುತ್ತಿರಲಿಲ್ಲ. ಮರಗಟ್ಟಿದ ಕಾಲಿಗೆ ಯಾರಾದರೂ ಚಿವುಟಿದರೆ ಏನಾಗುತ್ತದೆ? ಅಷ್ಟೇ.

ಜೋಹಾನ್ಸ್‌ಬರ್ಗಿನ ಆ ಚಿನ್ನದ ಗಣಿ ಮುಚ್ಚಿದ ಮೇಲೆ ಅದರ ನೆತ್ತಿಯ ಮೇಲೊಂದು ಮನರಂಜನಾ ಪಾರ್ಕು ಎದ್ದಿತು. ಹಳೇ ಕಾಲದ ಕೆಂಪು ಇಟ್ಟಿಗೆಯ ಬೀದಿ, ಬ್ಯಾಂಕು, ನಾಟಕಶಾಲೆ. ಎಲ್ಲಕ್ಕೂ ಮುಖ ಮಾತ್ರ ಇಟ್ಟಿಗೆ, ಬೆನ್ನು ತಗಡು. ಅಸಲಿಯಾಗಿ ಉಳಿದದ್ದು ಲಿಫ್ಟಿನ ಕಬ್ಬಿಣದ ಗೋಪುರ ಮತ್ತು ಅದರಡಿಯ ಸುರಂಗ. ಹಳೇ ಗಣಿ ಕೆಲಸಗಾರ ಫಿನೆಯಾಸ್ ಈಗ ಅಲ್ಲಿ ಗೈಡ್. ಮೂವತ್ತೊಂದು ವರ್ಷದ ಹಿಂದೆ ಆ ಸುರಂಗದಲ್ಲಿ ಬಂಡೆ ಕುಸಿದು ಇಪ್ಪತ್ತರ ಹುಡುಗ ದುಮಿಸಾ ಸತ್ತಿದ್ದ. ಅವನನ್ನು ಊರಿನಿಂದ ಗಣಿಗೆ ಕರೆತಂದವನು ಅಣ್ಣ ಫಿನೆಯಾಸನೇ. ಬಸ್ಸಿನಲ್ಲಿ ದುಮಿಸಾ ಕಿಟಕಿ ಪಕ್ಕದ ಸೀಟು ಕೇಳಿದ್ದ. "ದೊಡ್ಡವನು ನಾನು, ಸುಮ್ನೆ ಕೂತ್ಕೊ" ಎಂದು ಇವನು ಬಿಟ್ಟುಕೊಟ್ಟಿರಲಿಲ್ಲ.

ದೇಹ ಊರಿಗೆ ಹೋಗಿ ಮಣ್ಣಾಗಿತ್ತು. ಆದರೆ ಅವರಲ್ಲಿ ದೇಹ ಹೂತರೆ ಅರ್ಧ ಕೆಲಸವಷ್ಟೇ. ಪ್ರಾಣ ಬಿದ್ದಲ್ಲೇ ಕೂತಿರುತ್ತದೆ. ಮುಳ್ಳುಮರದ ಹಸಿ ಕೊಂಬೆ ಹಿಡಿದು ಅಲ್ಲಿಗೆ ಹೋಗಿ, ಕುಲದ ಹೆಸರು ಹಿಡಿದು ಕೂಗಿ, ಮನೆಯ ತನಕ ಕರೆದುಕೊಂಡು ಬರಬೇಕು. ಕೂಗಿದ ಮೇಲೆ ಕೊಂಬೆ ಹಿಡಿದವನು ಬದುಕಿರುವವರ ಜೊತೆ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದನೋ, ಸತ್ತವನು ದಾರಿ ತಪ್ಪಿ ಹಿಂದಕ್ಕೆ ಹೋಗುತ್ತಾನೆ. ಸತ್ತವನ ಜೊತೆ ಮಾತ್ರ ಮಾತು: ಇಲ್ಲಿ ತಿರುವು, ಇಲ್ಲಿ ಹೊಳೆ, ಇಲ್ಲಿ ಗಾಡಿ ಹತ್ತು.

"ಯಾವಾಗ ಕರ್ಕೊಂಡು ಬರ್ತೀಯೋ?" ಎಂದು ಗ್ರೇಟೌನ್ ಕಡೆಯ ಹಳ್ಳಿಯಿಂದ ತಾಯಿ ಪ್ರತಿ ಚಳಿಗಾಲ ಫೋನಿನಲ್ಲಿ ಕೇಳುತ್ತಿದ್ದಳು. "ನೆನ್ನೆನೂ ಕನಸಲ್ಲಿ ಬಂದಿದ್ದ. ಗೇಟಿನ ಆಚೆ ನಿಂತು ಅಮ್ಮಾ ಚಳಿ ಅಂತಾನೆ. ಒಳಗೆ ಬಾ ಅಂದ್ರೆ ಬರಲ್ಲ ಕಣೋ."

"ಮುಂದಿನ ತಿಂಗಳು ಮಾ" ಎನ್ನುತ್ತಿದ್ದ ಇವನು. ಮೂವತ್ತೊಂದು ವರ್ಷ ಅದೇ ಮುಂದಿನ ತಿಂಗಳು.

ಈಗ ಮುಂದಿನ ತಿಂಗಳೇ ಇಲ್ಲ. ಕೆಳಗೆ ನೀರು ಏರುತ್ತಿತ್ತು. ಸೋಮವಾರ ಬೆಳಿಗ್ಗೆ ಗಣಿಯ ಬಾಯಿಗೆ ಕಾಂಕ್ರೀಟು ಸುರಿಯುತ್ತಾರೆಂದು ಮ್ಯಾನೇಜರ್ ಕೆಫಿಲ್ವೆ ಹೇಳಿದಳು. ಭಾನುವಾರ ಮಧ್ಯಾಹ್ನದ್ದೇ ಕೊನೆಯ ತಂಡ. ಫಿನೆಯಾಸ್ ಕೊಂಬೆ ಹಿಡಿದು ಅವಳ ಮುಂದೆ ನಿಂತ.

"ಬಾಬಾ, ಒಬ್ಬರನ್ನೇ ಕೆಳಗೆ ಬಿಡೋಕಾಗಲ್ಲ, ವಿಮೆಯವರು ನನ್ನ ತಿಂದುಹಾಕ್ತಾರೆ" ಎಂದಳು. ಮಗಳ ವಯಸ್ಸಿನವಳು, ಕೆಟ್ಟವಳಲ್ಲ. "ಗೈಡ್ ಆಗಿ ಹೋಗಿ. ಕೊಂಬೆ ನಾನು ನೋಡೇ ಇಲ್ಲ. ಆದ್ರೆ ಬರೋವಾಗ ಬಾಯಿ ಮುಚ್ಕೊಂಡು ಬಂದ್ರೆ ಹೇಗೆ? ಅರ್ಧ ಪ್ರವಾಸ ಇರೋದೇ ವಾಪಸ್ ದಾರೀಲಿ. ಜನ ಗಲಾಟೆ ಮಾಡಿದ್ರೆ ಅಲ್ಲೇ ನಿಲ್ಸಿ ಬೇರೆಯವರನ್ನ ಕಳಿಸ್ತೀನಿ."

ಮಾತಾಡಿದರೆ ತಮ್ಮ ಹೋದ, ಮಾತಾಡದಿದ್ದರೂ ಹೋದ. ಫಿನೆಯಾಸ್ ತಲೆಯಾಡಿಸಿ ಶಿರಸ್ತ್ರಾಣ ಹಾಕಿಕೊಂಡ.

ಲಿಫ್ಟಿನ ಬಾಗಿಲಲ್ಲಿ ಮಟೋಸ್ ಇದ್ದ. ಮೊಜಾಂಬಿಕ್‌ನಿಂದ ಬಂದು ಗಣಿಯ ಕಾಲದಿಂದಲೂ ಅದೇ ಲಿಫ್ಟು ನಡೆಸುವ ಮುದುಕ. ಎಷ್ಟು ತಲೆ ಕೆಳಗೆ ಹೋಯಿತೋ ಅಷ್ಟೇ ಮೇಲೆ ಬರಬೇಕೆಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದು ಅವನ ಶಿಸ್ತು. "ಹದಿನೆಂಟು ಜನ, ಗೈಡ್ ಒಬ್ಬ. ಹತ್ತೊಂಬತ್ತು" ಎಂದು ಬರೆದ. ಕೊಂಬೆ ಕಂಡಿತು. ಸರಿದು ದಾರಿ ಬಿಟ್ಟ.

ಹೋಗುವಾಗ ಎಲ್ಲ ಎಂದಿನಂತೆ. ಡೈನಮೈಟಿನ ಕೋಣೆ, ತಳ್ಳುಬಂಡಿ, ಬಾಯಿಪಾಠದ ಮಾತು. ಸುರಂಗದ ಕೊನೆಗೆ ಬಂದು ದೀಪ ಆರಿಸಿದ. ಜನ ಜೋಕಿಗೆ ಕಾದರು. ಅದು ಬರಲಿಲ್ಲ.

"ದುಮಿಸಾ" ಎಂದ ಫಿನೆಯಾಸ್ ಕತ್ತಲೆಗೆ. "ನೊಂದಾಬಾ ಕುಲದವನೇ, ನಾನು ಕಣೋ, ನಿನ್ನಣ್ಣ. ಅಮ್ಮ ಕಾಯ್ತಿದ್ದಾಳೆ, ನಡಿ ಮನೆಗೆ." ಅಲ್ಲಿಗೆ ಮುಗಿಸಬಹುದಿತ್ತು. ಬಾಯಿ ನಿಲ್ಲಲಿಲ್ಲ. "ಮೊದಲೇ ಕರ್ಕೊಂಡು ಹೋಗಬಹುದಿತ್ತು. ಬೇಕಂತಲೇ ಹೋಗಲಿಲ್ಲ. ನೀನು ಹೋದ್ರೆ ಈ ಊರಲ್ಲಿ ನಾನೊಬ್ಬನೇ ಆಗ್ತಿದ್ದೆ. ನಿನ್ನ ಚಳೀಲಿ ಕೂರಿಸಿ ನನ್ನ ಜೊತೆಗೆ ಇಟ್ಕೊಂಡೆ. ತಪ್ಪಾಯ್ತು."

ಹೇಳುವಾಗಲೂ ಎದೆಯಲ್ಲಿ ಏನೂ ಅಲುಗಲಿಲ್ಲ. ಬೇರೆ ಯಾರದೋ ತಪ್ಪನ್ನು ಓದಿ ಹೇಳಿದ ಹಾಗಿತ್ತು. ದೀಪ ಹಾಕಿದ.

ಹಳದಿ ಟೊಪ್ಪಿಗೆಯ ಒಬ್ಬ ಮುಂದೆ ಬಂದ. "ಏನಪ್ಪ ಗೈಡು, ಈ ಕೊಳವೆ ಯಾತಕ್ಕೆ?" ಫಿನೆಯಾಸ್ ಒಂದು ಹೆಜ್ಜೆ ಮುಂದಿಟ್ಟ. "ಕಿವಿ ಕೇಳಲ್ವಾ? ನಾಲಿಗೆ ಕತ್ತಲಲ್ಲೇ ಬಿಟ್ಟು ಬಂದ್ಯಾ? ಮೇಲೆ ಹೋಗಿ ದೂರು ಕೊಡ್ತೀನಿ ನೋಡು!" ಹಿಂದಿನವರೂ ಗೊಣಗತೊಡಗಿದರು. ಹಳದಿ ಟೊಪ್ಪಿಯವನ ಕೈ ಆಗಲೇ ಮೇಲಕ್ಕೆ ಮಾತಾಡುವ ಗೋಡೆಯ ಫೋನಿನ ಕಡೆ ಹೋಗಿತ್ತು.

ಫಿನೆಯಾಸ್ ಕೊಂಬೆಯ ಕಡೆ ತಿರುಗಿದ. "ದುಮಿಸಾ, ಈ ಕೊಳವೆ ನೋಡು. ನಿನ್ನ ಕಾಲದಲ್ಲಿ ಇದರಲ್ಲೇ ಗಾಳಿ ಬರ್ತಿತ್ತು, ಅದರ ಬಲದಿಂದಲೇ ಬಂಡೆ ಕೊರೀತಿದ್ವಿ. ಆ ಸದ್ದಿಗೆ ನಿನ್ನ ಕಿವಿ ನೋಯ್ತಿತ್ತಲ್ಲ? ಬಾ. ಇಲ್ಲಿ ತಲೆ ತಗ್ಗಿಸು, ಮೇಲಿನ ಬಂಡೆ ತಗ್ಗಿದೆ."

ಹದಿನೆಂಟು ಜನವೂ ತಲೆ ತಗ್ಗಿಸಿದರು.

ಹಾಗೇ ನಡೆಯಿತು. ಇಲ್ಲಿ ನೀರಿದೆ, ಎಡಕ್ಕೆ ಕಾಲಿಡು. ಈ ಬೆಂಚಿನ ಮೇಲೆ ಕೂತು ನೀನು ನನ್ನ ಪಾಲಿನ ಬ್ರೆಡ್ಡೂ ತಿಂದಿದ್ದೆ, ಕಳ್ಳ. ಹೇಳಿದ್ದು ಒಬ್ಬನಿಗೆ, ಕೇಳಿದ್ದು ಎಲ್ಲರೂ. ಹಳದಿ ಟೊಪ್ಪಿಯವನು ಆ ಬೆಂಚಿನ ಹತ್ತಿರ ಟೊಪ್ಪಿ ತೆಗೆದ.

ಲಿಫ್ಟು ಮೇಲೆ ಬಂತು. ಮಟೋಸ್ ಬಾಗಿಲಲ್ಲಿ ಸೀಮೆಸುಣ್ಣ ಹಿಡಿದು ಒಬ್ಬೊಬ್ಬರನ್ನೇ ಎಣಿಸಿದ. ಕೊನೆಗೆ ಫಿನೆಯಾಸ್. "ಹತ್ತೊಂಬತ್ತು" ಎಂದ. ಬಾಗಿಲು ಮುಚ್ಚಲಿಲ್ಲ. ಇನ್ನೊಬ್ಬ ಇಳಿಯುವಷ್ಟು ಹೊತ್ತು ಹಿಡಿದುಕೊಂಡೇ ನಿಂತ. ಆಮೇಲೆ ಹಲಗೆಯ ಮೇಲೆ ಇಪ್ಪತ್ತು ಎಂದು ಬರೆದು, "ತಡ ಮಾಡ್ಬಿಟ್ಟೆಯಲ್ಲೋ ಹುಡುಗಾ" ಎಂದ. ಅದು ಫಿನೆಯಾಸನಿಗೆ ಹೇಳಿದ್ದಲ್ಲ.

ಪಾರ್ಕಿನ ಗೇಟಿಗೆ ಹೋಗುವ ದಾರಿಯಲ್ಲಿ ರೋಲರ್ ಕೋಸ್ಟರ್ ತಲೆಯ ಮೇಲೆಯೇ ಹಾದುಹೋಯಿತು. ಮೇಲಿದ್ದವರೆಲ್ಲ ಕಿರುಚಿದರು. "ಹೆದರಬೇಡ" ಎಂದ ಫಿನೆಯಾಸ್ ಕೊಂಬೆಗೆ, "ಯಾರಿಗೂ ಏನೂ ಆಗಿಲ್ಲ. ಅವರು ಕಿರುಚೋಕೆ ದುಡ್ಡು ಕೊಟ್ಟಿದ್ದಾರೆ."

ಊರಿನ ಬಸ್ಸಿಗೆ ಎರಡು ಟಿಕೆಟ್ ಮೊದಲೇ ತೆಗೆದಿಟ್ಟಿದ್ದ. ಅಕ್ಕಪಕ್ಕದ ಎರಡು ಸೀಟು. ಅವನ ಕಾಲು ಮೂವತ್ತೊಂದು ವರ್ಷದ ಅಭ್ಯಾಸದಂತೆ ಒಳಗಿನ ಸೀಟಿನ ಕಡೆ ನಡೆಯಿತು. ಅರ್ಧಕ್ಕೆ ನಿಂತ. ಕೊಂಬೆಯನ್ನು ಒಳಗಿಟ್ಟು, ತಾನು ಈಚೆಗೆ ಕೂತ.

"ಕಿಟಕಿ ಪಕ್ಕ ನೀನೇ ಕೂತ್ಕೊಳ್ಳೋ" ಎಂದ. ಹೇಳಿದ ಮೇಲೆ ಅವನಿಗೆ ಅಳು ಬಂತು. ಬಸ್ಸು ಹೊರಟಿತು, ಇವನು ಅಳುತ್ತಲೇ ದಾರಿ ಹೇಳುತ್ತಾ ಹೋದ.