ಓಗ್ಬುಟ್ಟ ಅಂದಿದ್ದಕ್ಕೆ ಫ್ಲೆಕ್ಸು

ನನ್ನ ಗಂಡನನ್ನು ಸಾಯಿಸಿದ್ದು ಪಾಕಿಸ್ತಾನವಲ್ಲ, ನಮ್ಮೂರಿನ ಜಯಪ್ರಕಾಶ. ಗುಂಡು ಹಾರಿಸಲಿಲ್ಲ, ಬಾಂಬು ಹಾಕಲಿಲ್ಲ. ಮದ್ದೂರಿಗೆ ಹೋಗಿ ಹತ್ತಡಿ ಉದ್ದದ ಒಂದು ಫ್ಲೆಕ್ಸು ಮಾಡಿಸಿಕೊಂಡು ಬಂದ, ಅಷ್ಟೇ. ಆ ಹೊತ್ತಿಗೆ ನನ್ನ ಗಂಡ ಪ್ರಸನ್ನ ನಾಗಪುರದ ಆಸುಪಾಸಿನಲ್ಲೆಲ್ಲೋ ರೈಲಿನಲ್ಲಿ ಕೂತು ನಾನು ಕಟ್ಟಿಕೊಟ್ಟ ಚಿತ್ರಾನ್ನ ತಿನ್ನುತ್ತಿದ್ದರಂತೆ.

ಪ್ರಸನ್ನ ಮಿಲಿಟರಿಯಲ್ಲಿ ಹವಾಲ್ದಾರ್, ಲಾರಿ ಓಡಿಸುವ ಕೆಲಸ. ಯುದ್ಧ ಶುರುವಾದ ಆ ಮೇ ತಿಂಗಳಲ್ಲಿ ಹದಿನೈದು ದಿನದ ರಜೆಗೆಂದು ಊರಿಗೆ ಬಂದಿದ್ದರು. ಮೂರನೇ ದಿನಕ್ಕೆ ಫೋನು ಬಂತು, ರಜೆ ರದ್ದು, ಕೂಡಲೇ ಹೊರಡು ಅಂತ. ಮಾರನೇ ಬೆಳಿಗ್ಗೆ ಮಂಡ್ಯದಲ್ಲಿ ರೈಲು ಹತ್ತಿಸಿ ಬಂದೆ. ಅತ್ತೆ ಪಟ್ಟಲಮ್ಮನಿಗೆ ಇರುವುದು ಒಬ್ಬನೇ ಮಗ. ಅವತ್ತಿಡೀ ದಿನ ಅವರು ಒಂದು ತುತ್ತೂ ಬಾಯಿಗಿಡಲಿಲ್ಲ.

ಇತ್ತ ಚಿಕ್ಕರಸಿನಕೆರೆ ಹೋಬಳಿಯ ನಮ್ಮೂರಲ್ಲಿ ಯುದ್ಧ ಬಲು ಜೋರಾಗಿ ನಡೆದಿತ್ತು. ಟೀ ಅಂಗಡಿ ಬೆಂಚಿನ ಮೇಲೆ ಕೂತ ಶೂರರು ಬೆಳಿಗ್ಗೆ ಲಾಹೋರು ಹಿಡಿದು, ಮಧ್ಯಾಹ್ನ ಕರಾಚಿಗೆ ಬೆಂಕಿಯಿಟ್ಟು, ಸಂಜೆ ಡೈರಿಗೆ ಹಾಲು ಹಾಕಲು ಹೆಂಡತಿಯರನ್ನು ಕಳಿಸುತ್ತಿದ್ದರು. ಇವರ ದಂಡನಾಯಕನೇ ಜಯಪ್ರಕಾಶ. ಪಂಚಾಯ್ತಿಗೆ ಎರಡು ಸಲ ನಿಂತು ಎರಡು ಸಲವೂ ಸೋತ ಮಹಾನುಭಾವ. ಅವನ ತೋಟದ ಬೇಲಿಗೆ ಯಾರದಾದರೂ ಎಮ್ಮೆ ನುಗ್ಗಿದರೆ ಹೆಂಡತಿಯನ್ನು ಮುಂದೆ ಬಿಟ್ಟು ಹಿಂದೆ ನಿಂತು ಕೂಗುವ ಗಂಡಸು. ಟೀವಿ ನೋಡಿ ನೋಡಿ ಅವನಿಗೂ ದೇಶಭಕ್ತಿ ಹತ್ತಿತ್ತು. ಊರಿಗೊಬ್ಬ ಹುತಾತ್ಮ ಬೇಕು ಅನ್ನುವುದು ಅವನ ಒಳಗಿನ ಆಸೆ. ಇದು ನನ್ನ ಊಹೆ ಅನ್ನಿ, ಆದರೆ ಸುಳ್ಳಲ್ಲ.

ಪ್ರಸನ್ನ ಹೊರಟ ಮಾರನೇ ದಿನ ಬೆಳಿಗ್ಗೆ ಅತ್ತೆ ಡೈರಿಗೆ ಹಾಲು ಹಾಕಲು ಹೋಗಿದ್ದಾರೆ. ಅಲ್ಲಿ ಸಿಕ್ಕ ಜಯಪ್ರಕಾಶ ಅವರ ಮಗನ ಸಮಾಚಾರ ವಿಚಾರಿಸಿದ್ದಾನೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದೇ ಮಾತು ಹೇಳಿದ್ದಾರೆ.

"ಓಗ್ಬುಟ್ಟ ಕಣಪ್ಪ. ನನ್ ಕಂದ ಓಗ್ಬುಟ್ಟ."

ನಮ್ಮ ಕಡೆ ಬಸ್ಸು ಹತ್ತಿದವನೂ ಓಗ್ಬುಡ್ತಾನೆ, ಪ್ರಾಣ ಬಿಟ್ಟವನೂ ಓಗ್ಬುಡ್ತಾನೆ. ತಲೆಯಲ್ಲಿ ಚೂರು ಮಿದುಳಿರುವ ಯಾರಾದರೂ ಎಲ್ಲಿಗೆ ಅಂತ ಕೇಳುತ್ತಾರೆ. ಈ ಪುಣ್ಯಾತ್ಮ ಕೇಳಲಿಲ್ಲ. ಕೈಮುಗಿದು, ಬೈಕು ಹತ್ತಿ, ಸೀದಾ ಮದ್ದೂರಿನ ಫ್ಲೆಕ್ಸ್ ಅಂಗಡಿಗೆ ಹೋದ.

ನಾನು ಮದ್ದೂರಿನಲ್ಲೇ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಮಧ್ಯಾಹ್ನ ಡ್ಯೂಟಿಯಲ್ಲಿದ್ದಾಗ ಪಕ್ಕದ ಮನೆಯ ಇಂದ್ರಮ್ಮ ಫೋನು ಮಾಡಿ ಅಳತೊಡಗಿದಳು. ಮೊದಲು ಏನೂ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಗಂಡನಿಗೆ ಫೋನು ಮಾಡಿದೆ. ಪ್ರಸನ್ನನ ಫೋನು ಸ್ವಿಚ್ ಆಫ್. ಅವರ ಯೂನಿಟ್ಟಿಗೆ ಫೋನು ಹಚ್ಚಿದೆ. ಆ ಕಡೆಯ ಮನುಷ್ಯ ಹಿಂದಿಯಲ್ಲಿ ಸಮಾಧಾನವಾಗಿಯೇ ಹೇಳಿದ: ಹವಾಲ್ದಾರ್ ಪ್ರಸನ್ನ ಇನ್ನೂ ದಾರಿಯಲ್ಲಿದ್ದಾರೆ, ಬಂದು ಸೇರುವುದು ನಾಡಿದ್ದು. ಬಸ್ಸಿನಲ್ಲಿ ಊರಿಗೆ ಬರುವಷ್ಟರಲ್ಲಿ ನನ್ನ ಭಯವೆಲ್ಲ ಇಳಿದು ಸಿಟ್ಟು ನೆತ್ತಿಗೇರಿತ್ತು.

ಅರಳಿಕಟ್ಟೆಯ ಮೇಲೆ ಫ್ಲೆಕ್ಸು ಕಟ್ಟಿದ್ದರು. ಮೇಲೆ ಪಕ್ಷದ ದೊಡ್ಡವರು ನಾಲ್ವರು. ಕೆಳಗೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೈ ಮುಗಿದ ಗೆಳೆಯರ ಬಳಗ, ಹನ್ನೊಂದು ಜನ. ಪಕ್ಕದಲ್ಲಿ ನನ್ನ ಗಂಡನ ಮುಖಕ್ಕಿಂತ ದೊಡ್ಡದಾಗಿ ಜಯಪ್ರಕಾಶನ ಮುಖ. ನಡುವೆ ಪ್ರಸನ್ನ. ನಮ್ಮ ಮದುವೆಯ ಫೋಟೊದಿಂದ ಮುಖ ಕಿತ್ತು ಯಾವುದೋ ಸೇನಾ ಜನರಲ್‌ನ ಯೂನಿಫಾರ್ಮಿಗೆ ಅಂಟಿಸಿ, ಎದೆ ತುಂಬ ಮೆಡಲು ಚುಚ್ಚಿ, ಕೊರಳಿಗೆ ಹಾರ ಹಾಕಿದ್ದರು. ಲಾರಿ ಓಡಿಸುವ ಹವಾಲ್ದಾರನಿಗೆ ಇವರು ಪ್ರಮೋಷನ್ ಕೊಟ್ಟು ಸಾಯಿಸಿದ್ದರು. ನನ್ನನ್ನು ಕತ್ತರಿಸಿ ತೆಗೆಯುವಾಗ ಗಡಿಬಿಡಿಯಲ್ಲಿ ಹೆಗಲ ಮೇಲಿನ ನನ್ನ ನಾಲ್ಕು ಬೆರಳು ಅಲ್ಲೇ ಉಳಿದಿದ್ದವು.

ಬದುಕಿರುವಾಗ ಪ್ರಸನ್ನನಿಗೆ ಆ ಕಟ್ಟೆಯ ಮೇಲೆ ಕೂರು ಬಾ ಅಂದವರಿಲ್ಲ. ನಮ್ಮದು ಊರಾಚೆಯ ಬೀದಿ. ಸತ್ತ ಅಂತ ಗೊತ್ತಾದ ಕೂಡಲೇ ನಮ್ಮೂರ ಮಗ ಆಗಿಬಿಟ್ಟ. ಥೂ ಅನ್ನಿಸಿತು.

ಮನೆಯ ಮುಂದೆ ಜನ. ಒಳಗೆ ಅತ್ತೆ ಗೋಡೆಗೊರಗಿ ಕೂತಿದ್ದರು, ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ನಾನು ಕಾಲಿಟ್ಟದ್ದೇ ತಡ, ಇಬ್ಬರು ಹೆಂಗಸರು ಬಂದು ನನ್ನ ಕೈ ಹಿಡಿದು ಬಳೆ ತೆಗೆಯಲು ನೋಡಿದರು. ಕೈ ಕೊಡವಿಕೊಂಡೆ. ಅತ್ತೆಯ ಮುಂದೆ ಕೂತು, ನಿಮ್ಮ ಮಗ ಬದುಕಿದ್ದಾರೆ, ರೈಲಿನಲ್ಲಿದ್ದಾರೆ, ಯೂನಿಟ್ಟಿನವರ ಹತ್ತಿರ ನಾನೇ ಮಾತಾಡಿದೆ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಅವರು ನನ್ನನ್ನೇ ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು.

"ಓದು ಕಲ್ತೋರು ಅಚ್ಚಾಕ್ಸವ್ರೆ ಕಣವ್ವ, ಸುಳ್ಳಾದದಾ? ಓಗವ್ನೆ, ಬತ್ತನೆ ಅನ್ಬೇಕಿತ್ತು ನಾನು. ಓಗ್ಬುಟ್ಟ ಅಂದ್ಬುಟ್ಟೆ. ನನ್ ಬಾಯೇ ಅವ್ನ ತಿಂದ್ಕತು."

ಅದನ್ನು ಕೇಳಿ ನನಗೆ ನಿಜವಾಗಿ ದಿಗಿಲಾಯಿತು. ಪ್ರಸನ್ನ ಬದುಕಿರುವುದು ನನಗೆ ಗೊತ್ತಿತ್ತು. ಆದರೆ ಈ ಮುದುಕಿಗೆ ಅದನ್ನು ನಂಬಿಸದಿದ್ದರೆ ಇವರೇ ಉಳಿಯುವುದಿಲ್ಲ ಅನ್ನಿಸಿತು. ಅನ್ನ ನೀರು ಬಿಟ್ಟು ಎರಡನೇ ದಿನ, ನಾಡಿ ಆಗಲೇ ಸಣ್ಣಗಿತ್ತು. ಆ ಫ್ಲೆಕ್ಸು ಅಲ್ಲಿರುವ ತನಕ ನನ್ನ ಮಾತು ಅವರ ಕಿವಿಗೆ ಇಳಿಯುವುದಿಲ್ಲ.

ಕಟ್ಟೆಗೆ ಓಡಿದೆ. ಜಯಪ್ರಕಾಶ ಮೈಕಿನವನಿಗೆ ವೈರು ಎಲ್ಲಿ ಎಳೆಯಬೇಕೆಂದು ತೋರಿಸುತ್ತಿದ್ದ. ಸಂಜೆ ಶ್ರದ್ಧಾಂಜಲಿ ಸಭೆ, ಆಮೇಲೆ ಮೇಣದಬತ್ತಿ ಮೆರವಣಿಗೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಒಬ್ಬ ಮನುಷ್ಯ ಬದುಕಿದ್ದಾನೆ ಅನ್ನುವ ಸುದ್ದಿಗೆ ಮುಖ ಬಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕಪಕ್ಕದಲ್ಲಿದ್ದ ಬಳಗದವರೂ ಪೆಚ್ಚಾದರು. ಆಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ನ್ಯಾಯ ಹೇಳಿದ. ಐದು ಗಂಟೆಗೆ ನಾಯಕರು ಬರುತ್ತಾರೆ, ಟೀವಿಯವರಿಗೂ ಹೇಳಿದ್ದಾಗಿದೆ, ಈಗ ಬಿಚ್ಚಿದರೆ ಊರಿನ ಮರ್ಯಾದೆ ಏನಾಗಬೇಕು ಎಂದ. ನಾನು ಜಗ್ಗಲಿಲ್ಲ. ಆಗ ಅಂದ:

"ಯುದ್ಧ ಇನ್ನೂ ಮುಗ್ದಿಲ್ವಲ್ಲ ಸಿಸ್ಟರೇ. ಇರ್ಲಿ ಬುಡಿ, ಮುಂದಕ್ಕೆ ಬೇಕಾಯ್ತದೆ."

ಅಷ್ಟು ಸಲೀಸಾಗಿ ಅಂದ. ನನಗೆ ಅವನ ಕೆನ್ನೆಗೆ ಬಾರಿಸಬೇಕೆಂದೂ ಅನ್ನಿಸಲಿಲ್ಲ, ಮುಟ್ಟಲು ಹೇಸಿಗೆಯಾಯಿತು. ಹುಲ್ಲಿನ ಹೊರೆ ಇಳಿಸಿ ನೋಡುತ್ತ ನಿಂತಿದ್ದ ಹೆಂಗಸೊಬ್ಬಳ ಕೈಯಿಂದ ಕುಡುಗೋಲು ಕಿತ್ತುಕೊಂಡೆ. ಕಟ್ಟೆ ಹತ್ತಿದೆ. ನಮ್ಮ ಬೀದಿಯವರು ಆ ಕಟ್ಟೆ ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಯಾರೂ ತಡೆಯಲಿಲ್ಲ, ಕೈಯಲ್ಲಿ ಕುಡುಗೋಲಿತ್ತಲ್ಲ. ನನ್ನ ಗಂಡನ ಮುಖವನ್ನೂ ನನ್ನ ಬೆರಳುಗಳನ್ನೂ ಸುತ್ತ ಕುಯ್ದು ತೆಗೆದೆ. ಹಾರ, ಮೆಡಲು, ಜನರಲ್‌ನ ಮೈ ಎಲ್ಲ ಅಲ್ಲೇ ಉಳಿಯಿತು. ಫ್ಲೆಕ್ಸಿನಲ್ಲಿದ್ದ ಅಷ್ಟೂ ಜನ ತೂತಿಗೆ ಕೈಮುಗಿದುಕೊಂಡು ಉಳಿದರು.

ಜಯಪ್ರಕಾಶ ಓಡಿ ಬಂದ. ತಲೆಯೆತ್ತಿ ಒಂದೊಂದೇ ಮುಖ ನೋಡಿದ, ತನ್ನದನ್ನು ಎರಡು ಸಲ ನೋಡಿದ. ಸದ್ಯ, ನಾಯಕರಿಗೇನೂ ಆಗಿಲ್ಲ ಅಂದ.

ಮನೆಗೆ ಬಂದು ಇನ್ನೂ ಕೂತಿರಲಿಲ್ಲ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಪ್ರಸನ್ನ. ಚಾರ್ಜರು ಕೆಟ್ಟಿತ್ತಂತೆ, ಪಕ್ಕದ ಸೀಟಿನವರ ಫೋನು ಇಸಿದುಕೊಂಡಿದ್ದರು. ಸೀದಾ ಫೋನನ್ನು ಅತ್ತೆಯ ಕಿವಿಗೆ ಹಿಡಿದೆ. ಅವ್ವ, ಅವ್ವ ಅನ್ನುವ ದನಿ ನನಗೂ ಕೇಳುತ್ತಿತ್ತು. ಅತ್ತೆ ತುಂಬ ಹೊತ್ತು ಕೇಳಿಸಿಕೊಂಡರು.

"ಯಾರಪ್ಪ ನೀನು?" ಅಂದರು. "ಸಮಾಧಾನ ಮಾಡಕ್ಕೆ ಅಂತ ಅವ್ನಂಗೇ ಮಾತಾಡ್ತಿದ್ದೀಯ. ಒಳ್ಳೇ ತಾಯಿ ಮಗ ಕಣಪ್ಪ ನೀನು. ನೀನಾದ್ರೂ ಉಸಾರಾಗಿರು."

ಫೋನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಆ ಕಡೆಯಿಂದ ಪ್ರಸನ್ನ, ಅವ್ವ ಯಾಕಂಗಂದ್ಲು ವನಜಾ, ಅಂತ ಕೇಳಿದರು. ಗಡಿಗೆ ಹೊರಟ ಮನುಷ್ಯನಿಗೆ ಏನಂತ ಹೇಳಲಿ? ನೆಟ್‌ವರ್ಕ್ ಸರಿಯಿಲ್ಲ, ನಿಮ್ಮ ದನಿ ಗೊತ್ತಾಗಲಿಲ್ಲ ಅವರಿಗೆ, ಅಂದೆ.