ಕರೆದರೆ ಹೋಗುತ್ತಿದ್ದ ಹಡಗು

ನಾನು ಒಂದು ಹಡಗು. ಆದರೆ ನನ್ನನ್ನು ಮುಟ್ಟಲು ಬರುವುದಿಲ್ಲ, ನನ್ನ ಮೇಲೆ ಹತ್ತಿ ಪಕ್ಕದ ಬಂದರಿಗೂ ಹೋಗಲಾಗುವುದಿಲ್ಲ. ನಾನಿರುವುದು ಕಂಪ್ಯೂಟರಿನೊಳಗಿನ ಆಟದ ಕಡಲಿನಲ್ಲಿ. ನೂರಾರು ಜನ ತಂತಮ್ಮ ಊರಿನಲ್ಲೇ ಕುಳಿತು ಒಟ್ಟಿಗೆ ಆಡುವ ಆಟ ಅದು. ಮರ ಕಡಿಯಬೇಕು, ಹೊಟ್ಟೆ ತುಂಬಿಸಿಕೊಳ್ಳಬೇಕು, ಇನ್ನೊಬ್ಬನ ಕೊಡಲಿಗೆ ಸಿಗದೆ ಬದುಕಿ ಉಳಿಯಬೇಕು. ಇದೂ ಒಂದು ಹಡಗೇ ಎಂದು ನಗುವವರು ನಗಲಿ. ನನಗಂತೂ ನಗು ಬರುವುದಿಲ್ಲ.

ನನ್ನನ್ನು ಕಟ್ಟಿದವರು ಕಡಲ ತಡಿಯ ಊರಾದ ಕೊಡೇರಿಯ ಚಿಕ್ಕಯ್ಯ ಮೊಗವೀರರು. ಮೂವತ್ತೊಂದು ವರ್ಷ ಮೀನುಗಾರಿಕೆ ಬೋಟಿನ ತಾಂಡೇಲರಾಗಿ, ಅಂದರೆ ಬೋಟು ನಡೆಸುವ ಯಜಮಾನರಾಗಿ ದುಡಿದವರು. ಒಂದು ದಿನ ಬೇರೆ ಊರಿನ ಬೋಟೊಂದು ಗಾಳಿಗೆ ಸಿಕ್ಕಿ, ಮುಳುಗುತ್ತಿದ್ದೇವೆಂದು ವಯರ್‌ಲೆಸ್ಸಿನಲ್ಲಿ ಕೂಗಿಕೊಂಡಿತು. ಇವರು ಹೋದರು. ಏಳು ಜನರನ್ನು ತಮ್ಮ ಬೋಟಿಗೆ ಎಳೆದುಕೊಂಡರು. ಆ ಗಡಿಬಿಡಿಯಲ್ಲಿ ಎರಡು ಬೋಟುಗಳ ನಡುವೆ ಸಿಕ್ಕಿದ ಇವರ ಬಲಗಾಲು ಸೊಂಟದವರೆಗೆ ಜಜ್ಜಿಹೋಯಿತು. ಆಮೇಲೆ ಮಂಚ ಹಿಡಿದರು. ನಾಲ್ಕು ತಿಂಗಳು ಗೋಡೆಯ ಕಡೆಗೆ ಮುಖ, ಯಾರೊಡನೆಯೂ ಮಾತಿಲ್ಲ. ದಿನಾ ಎದ್ದು ಕೂರದಿದ್ದರೆ ಮುಂದೆ ಏಳುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಅವರನ್ನು ಏಳಿಸುವ ದಾರಿ ಕಾಣದೆ ಮಗಳು ಸುಜಯಾ ಈ ಆಟ ತಂದಿಟ್ಟಳು. ಆಡುವವರು ಮಾತಾಡಿಕೊಳ್ಳಲೆಂದು ಇದ್ದ ಮೈಕನ್ನು ಆ ಮನೆಯಲ್ಲಿ ಯಾರೂ ಬಂದ್ ಮಾಡುತ್ತಿರಲಿಲ್ಲ. ಹಾಗಾಗಿ ಅವರ ಕುಕ್ಕರಿನ ಸೀಟಿ, ಕೆಮ್ಮು, ಜಗಳ ಎಲ್ಲ ನನ್ನ ಕಿವಿಗೂ ಬೀಳುತ್ತಿತ್ತು.

ಕಟ್ಟುವಾಗ ತಾಂಡೇಲರು ನನ್ನನ್ನು ಬೈದದ್ದೇ ಬೈದದ್ದು.

‘‘ಹಲ್ಗಿ ಸಂದಿಗೆ ಹತ್ತಿ ತುಂಬ್ಲಿಲ್ಲ, ಎಣ್ಣಿ ಹಚ್ಲಿಲ್ಲ. ಎಂತ ಸಾವು ಮರಾಯ್ತಿ, ಇದ್ ತೇಲತ್ತಾ?’’

‘‘ಅಪ್ಪಯ್ಯಾ, ಇದ್ ಆಟ. ತೇಲತ್ತ್,’’ ಎಂದಳು ಸುಜಯಾ.

ನೀರಿಗೆ ಇಳಿಸುವ ಮೊದಲು ನನ್ನ ಮೂತಿಗೆ ಕಾಯಿ ಒಡೆಯದೆ ಬಿಡುವವರಲ್ಲ ಅವರು. ದಡದ ಮರದಿಂದ ತೆಂಗಿನಕಾಯಿ ಕಿತ್ತು ತಂದರು. ಈ ಆಟದಲ್ಲಿ ಕಾಯಿ ಒಡೆಯಲು ಬರುವುದೇ ಇಲ್ಲ, ಗುಂಡಿ ಒತ್ತಿದರೆ ಆಟದ ಮನುಷ್ಯ ಅದನ್ನು ಗಟಗಟನೆ ಕುಡಿದುಬಿಡುತ್ತಾನೆ. ಒಂದು ಕುಡಿದರು, ಎರಡು ಕುಡಿದರು, ಸಿಟ್ಟಿನಲ್ಲಿ ಮೂರನೆಯದನ್ನೂ ಕುಡಿದರು. ಸುಜಯಾ ಬಿದ್ದು ಬಿದ್ದು ನಕ್ಕಳು. ಆಮೇಲೆ ಅವರೂ ನಕ್ಕರು. ಅಡುಗೆಮನೆಯಿಂದ ಹೆಂಡತಿ ಗುಲಾಬಿಯಮ್ಮ ಓಡಿ ಬಂದ ಸದ್ದು ಕೇಳಿಸಿತು.

‘‘ಎಂತ ಆಯ್ತ್? ಇವ್ರ್ ನೆಗಾಡಿದ್ರಾ?’’ ಎಂದು ಆಕೆ ಎರಡೆರಡು ಸಲ ಕೇಳಿದರು.

ಆವತ್ತಿನಿಂದ ದಿನಾ ಬೆಳಿಗ್ಗೆ ಅವರು ಏಳುವುದಕ್ಕೆ ಕಾರಣ ನಾನು. ಮೊದಲು ಅರ್ಧ ಗಂಟೆ ಕುರ್ಚಿಯಲ್ಲಿ ಕೂರುತ್ತಿದ್ದರು, ಆಮೇಲೆ ಎರಡು ಗಂಟೆ. ಮಂಚದಿಂದ ಕುರ್ಚಿಯವರೆಗೆ ವಾಕರಿನ ಟಕ್ ಟಕ್ ಹತ್ತಿರವಾಗುತ್ತಿದ್ದರೆ ನನಗೆ ಹಬ್ಬ. ಎಷ್ಟು ಕೊಬ್ಬಿದ್ದೆ ಅಂದರೆ, ನಾನಿಲ್ಲದಿದ್ದರೆ ಈ ಮನುಷ್ಯನ ಗತಿಯೇನು ಎಂದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಮಂಜಿನೊಳಗಿಂದ ಕೂಗು ಬಂತು. ‘‘ಯಾರಾದ್ರೂ ಇದೀರಾ? ಮುಳುಗ್ತಾ ಇದೀವಿ! ಹೆಲ್ಪ್ ಮಾಡ್ರೋ!’’

‘‘ಹೋಪುದ್ ಬ್ಯಾಡ ಅಪ್ಪಯ್ಯಾ. ಇದ್ ಮೋಸ. ಇಲ್ಲಿ ಹೀಂಗೇ ಕರದ್ ಹಡಗ್ ಕದಿತ್ರ್,’’ ಎಂದಳು ಸುಜಯಾ.

‘‘ಮೋಸ ಆದ್ರೆ ಆಯ್ಲಿ. ಕಡ್ಲಲ್ಲಿ ಕರದ್ರೆ ಹೋಯ್ಕ್. ಹೋದ್ಮೇಲೆ ಕಾಂಬ,’’ ಎಂದು ತಾಂಡೇಲರು ಚುಕ್ಕಾಣಿ ತಿರುಗಿಸಿದರು. ಕರೆದರೆ ಹೋಗಲೇಬೇಕು, ಅದು ಅವರ ಕಡಲಿನ ನಿಯಮ.

ಮೂವರು ನೀರಿನಲ್ಲಿದ್ದರು. ತಾಂಡೇಲರು ಹಗ್ಗ ಬಿಟ್ಟು, ‘‘ಹುಷಾರ್, ಗಟ್ಟಿ ಹಿಡ್ಕಣಿ,’’ ಎನ್ನುತ್ತಾ ಒಬ್ಬೊಬ್ಬರನ್ನೇ ಹತ್ತಿಸಿಕೊಂಡರು. ಮೂರನೆಯವನು ಹತ್ತಿದ್ದೇ ತಡ, ಮೂವರೂ ಕೊಡಲಿ ತೆಗೆದರು. ಎರಡೇ ಏಟಿಗೆ ತಾಂಡೇಲರ ಆಟದ ಮೈ ನನ್ನ ಹಲಗೆಯ ಮೇಲೆ ಬಿತ್ತು.

‘‘ಅಂಕಲ್ ತಾವೇ ಹಗ್ಗ ಬಿಟ್ಟು ಹತ್ತಿಸಿಕೊಂಡ್ರು ಗುರೂ! ಎಂಥಾ ಬಕ್ರಾ!’’ ಎಂದು ಒಬ್ಬ ನಕ್ಕ. ಉಳಿದಿಬ್ಬರೂ ಬಹಳ ಹೊತ್ತು ನಕ್ಕರು.

ಈ ಆಟದಲ್ಲಿ ಸತ್ತವರು ಮತ್ತೆ ಹುಟ್ಟಿ ಬರಬಹುದು, ಕಳೆದ ಹಡಗು ಮಾತ್ರ ಬರುವುದಿಲ್ಲ. ಸತ್ತವರ ಮೈಕು ಒಂದು ನಿಮಿಷ ತೆರೆದೇ ಇರುತ್ತದೆ. ಆ ಒಂದು ನಿಮಿಷದಲ್ಲಿ ತಾಂಡೇಲರು ಮೆಲ್ಲಗೆ ಕೇಳಿದರು:

‘‘ಆ ಏಳ್ ಜನ ಒಂದ್ಸಲ ಆದ್ರೂ ನನ್ನ ಕಾಂಬುಕ್ ಬಂದ್ರಾ ಮಗಾ?’’

ಯಾರೂ ಬಂದಿರಲಿಲ್ಲ, ಫೋನು ಕೂಡ ಮಾಡಿರಲಿಲ್ಲ. ಅಷ್ಟು ತಿಂಗಳು ಮನೆಯಲ್ಲಿ ಯಾರೂ ಎತ್ತದಿದ್ದ ಮಾತು ಅದು.

ಇಪ್ಪತ್ತು ದಿನ ನಾನು ಕಳ್ಳರ ಹಡಗಾಗಿದ್ದೆ. ನನ್ನ ಮೇಲೆ ನಿಂತುಕೊಂಡೇ ಮುಳುಗುತ್ತಿದ್ದೇವೆಂದು ಕೂಗುತ್ತಿದ್ದರು. ಬಂದವರನ್ನೆಲ್ಲ ಕಡಿದರು. ಛೀ, ಆ ದಿನಗಳ ಸುದ್ದಿ ನನ್ನ ಬಾಯಿಂದ ಬೇಡ.

ಇಪ್ಪತ್ತೊಂದನೆಯ ದಿನ ಸುಜಯಾ ನನ್ನನ್ನು ಹುಡುಕಿಕೊಂಡು ಬಂದಳು. ಸಣ್ಣ ತೆಪ್ಪ, ಕೈಯಲ್ಲಿ ಒಂದು ಚಾಕೂ ಇಲ್ಲ.

‘‘ಗೇಮ್ ತಾನೆ ಅಕ್ಕಾ, ಇಷ್ಟ್ ಸೀರಿಯಸ್ ಯಾಕೆ?’’ ಎಂದ ಅವರಲ್ಲಿ ಒಬ್ಬ.

ಅವಳು ಕಾಲಿನ ಕತೆ ಹೇಳಿದಳು. ಏಳು ಜನರ ಕತೆ ಹೇಳಿದಳು. ನೀವು ಹಡಗು ಕದ್ದ ದಿನದಿಂದ ಅಪ್ಪಯ್ಯ ಮಂಚ ಬಿಟ್ಟು ಎದ್ದಿಲ್ಲ ಎಂದಳು. ಅಳಲಿಲ್ಲ, ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಓದುವವಳ ಹಾಗೆ ಹೇಳಿದಳು.

‘‘ಸಾರಿ ಅಕ್ಕಾ. ತಗೊಂಡ್ಹೋಗಿ. ಅಂಕಲ್‌ಗೂ ಸಾರಿ ಹೇಳಿ,’’ ಎಂದ ಅವನೇ. ಮುರಿದ ಕಂಬಿ ಸರಿ ಮಾಡಿ, ಹೊಸ ಹಾಯಿಯನ್ನೂ ಕಟ್ಟಿಕೊಟ್ಟರು. ಕೆಟ್ಟವರಲ್ಲ ಬಿಡಿ, ಬರೀ ಹುಡುಗರು. ಸದ್ಯ, ನಾನು ವಾಪಸು ಬಂದೆ, ಇನ್ನು ತಾಂಡೇಲರು ಏಳುತ್ತಾರೆ ಎಂದುಕೊಂಡೆ. ಎಂಥ ಹುಚ್ಚು ನನ್ನದು.

ಮರುದಿನ ವಾಕರಿನ ಸದ್ದು ಬರಲಿಲ್ಲ. ತಾಯಿ ಮಗಳು ಸೇರಿ ಅವರನ್ನು ಎತ್ತಿ ತಂದು ಕೂರಿಸಿದರು. ‘‘ಇಕಾಣಿ ಅಪ್ಪಯ್ಯಾ, ನಮ್ ಹಡಗ್,’’ ಎಂದಳು ಸುಜಯಾ. ಅವರು ಚುಕ್ಕಾಣಿ ಹಿಡಿದರು. ಈ ಸಲ ನನ್ನನ್ನು ಬೈಯಲಿಲ್ಲ. ನಾವು ಬಂದರಿನ ಕಡೆಗೆ ಹೊರಟೆವು.

ಅರ್ಧ ದಾರಿಯಲ್ಲಿ ಒಂದು ಹೆಂಗಸಿನ ದನಿ ಕೇಳಿಸಿತು. ಆಟಕ್ಕೆ ಹೊಸಬಳು. ತೆಪ್ಪ ಒಡೆದಿತ್ತು, ಸುತ್ತ ಶಾರ್ಕು ತಿರುಗುತ್ತಿತ್ತು. ‘‘ಯಾರಾದ್ರೂ ಇದೀರಾ? ನಂಗೆ ಆಡೋಕೆ ಗೊತ್ತಿಲ್ಲ, ಪ್ಲೀಸ್...’’

‘‘ಅಪ್ಪಯ್ಯಾ, ಇದ್ ಮೋಸ ಅಲ್ಲ. ಕಾಣಿ, ಒಬ್ಳೇ ಇದ್ಲ್. ಹೋಪ,’’ ಎಂದಳು ಸುಜಯಾ. ‘‘ಹೋಪ ಅಪ್ಪಯ್ಯಾ!’’ ಎಂದು ಮತ್ತೆ ಅಂದಳು. ಹೋಗಬೇಡಿ ಎಂದು ತಡೆದಿದ್ದವಳು ಈಗ ಹೋಗಿ ಎಂದು ಅಂಗಲಾಚುತ್ತಿದ್ದಳು.

ಚುಕ್ಕಾಣಿ ಅಲುಗಲಿಲ್ಲ. ಆ ಹೆಂಗಸು ನನ್ನ ಪಕ್ಕದಲ್ಲೇ ಈಜಿದಳು. ಅವಳ ಕೈ ನನ್ನ ಹಲಗೆಗೆ ಎರಡು ಸಲ ತಾಗಿತು. ಆಮೇಲೆ ಅವಳ ದನಿ ಹಿಂದೆ ಉಳಿಯಿತು, ಆಮೇಲೆ ನಿಂತಿತು. ನನಗೇ ತಿರುಗುವ ಶಕ್ತಿ ಇದ್ದಿದ್ದರೆ ತಿರುಗುತ್ತಿದ್ದೆ ಕಣ್ರೀ, ದೇವರಾಣೆ.

‘‘ನಂಗೆಂತದೂ ಕೇಳ್ತಿಲ್ಲೆ,’’ ಎಂದರು ತಾಂಡೇಲರು. ‘‘ನನ್ನ ಮಲಗ್ಸಿ.’’

ಅಲ್ಲಿಗೆ ಮುಗಿಯಿತು. ಈಗ ನಾನು ಬಂದರಿನ ಮೂಲೆಯಲ್ಲಿ ಕಟ್ಟಿಹಾಕಿಸಿಕೊಂಡು ನಿಂತಿದ್ದೇನೆ. ಹತ್ತು ದಿನ ಯಾರೂ ಮುಟ್ಟದಿದ್ದರೆ ಇಲ್ಲಿನ ಹಡಗು ಕೊಳೆತು ಮಾಯವಾಗುತ್ತದೆ. ಅದಕ್ಕೆಂದು ಸುಜಯಾ ಬರುತ್ತಾಳೆ, ಸುತ್ತಿಗೆಯಿಂದ ನನಗೆ ನಾಲ್ಕು ಏಟು ಹಾಕುತ್ತಾಳೆ. ಬಿಟ್ಟುಬಿಡು ತಾಯಿ, ಕೊಳೆಯಲಿ ಎನ್ನಬೇಕೆನಿಸುತ್ತದೆ. ಯಾರನ್ನೂ ಹತ್ತಿಸಿಕೊಳ್ಳದ ಹಡಗು ತೇಲಿ ಏನು ಮಾಡಬೇಕು? ಹೇಳಲು ನನಗೆ ಬಾಯಿಲ್ಲ.

ಸುತ್ತಿಗೆ ಕೆಳಗಿಟ್ಟ ಮೇಲೆ ಅವಳು ಒಳಕೋಣೆಯ ಕಡೆಗೆ ತಿರುಗಿ, ‘‘ಅಪ್ಪಯ್ಯಾ,’’ ಎಂದು ಕರೆಯುತ್ತಾಳೆ. ಸ್ವಲ್ಪ ಕಾಯುತ್ತಾಳೆ. ಇನ್ನೊಮ್ಮೆ ಕರೆಯುತ್ತಾಳೆ. ಮಂಚ ಕಿರ್ ಎನ್ನುವುದು ನನಗೆ ಕೇಳಿಸುತ್ತದೆ, ಅವರು ಗೋಡೆಯ ಕಡೆಗೆ ಮಗ್ಗುಲಾಗುತ್ತಾರೆ.